ಗೋಡೆಯ ಚಿತ್ರವೂ ಸಂವಿಧಾನದ ಪುಟವೂ

ಸಂಘದ ಸಂಪಾದಕ ಮಂಡಲಿಯವರು ಈ ಸಂಚಿಕೆಗೆ ಇತಿಹಾಸ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಆಜ್ಞಾಪಿಸಿದಾಗ, ಇಂಥ ಸಂಚಿಕೆಗಳಲ್ಲಿ ಕೋಟೆಗಳನ್ನೋ ಶಾಸನಗಳನ್ನೋ ಕುರಿತು ಬರೆಯುವುದು ವಾಡಿಕೆಯೆಂಬುದು ನನಗೆ ನೆನಪಾಗದೆ ಇರಲಿಲ್ಲ. ಗದ್ವಾಲದ ಕೋಟೆಯನ್ನೂ ಆ ಸಂಸ್ಥಾನದ ಅರಸುಮನೆತನವನ್ನೂ ಕುರಿತು ನನಗಿಂತ ಬಲ್ಲವರು ಬರೆದಿದ್ದಾರೆ; ಮುಂದೆಯೂ ಬರೆಯುವರು. ನಾನು ಎತ್ತಿಕೊಂಡಿರುವ ವಿಷಯ ಅದಕ್ಕಿಂತ ಚಿಕ್ಕದಾಗಿ ತೋರಬಹುದು. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲೆಂದೇ ಬರೆದ ಚಿತ್ರಗಳು ಸ್ವಾತಂತ್ರ್ಯ, ಸಮಾನತೆ ಮೊದಲಾದ ರಾಜಕೀಯ ಆದರ್ಶಗಳನ್ನು ಜನರ ಮುಂದೆ ಹೇಗೆ ಇಟ್ಟವು, ಅವುಗಳಿಗೂ ನಮ್ಮ ಸಂವಿಧಾನಕ್ಕೂ ಇರುವ ನಂಟು ಯಾವುದು, ಗಡಿಭಾಗದ ಉಪಾಧ್ಯಾಯರಾದ ನಮಗೆ ಅದರಿಂದ ಏನು ಪಾಠ ಎಂಬುದೇ ಪ್ರಕೃತ ವಿಷಯ.

ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕದ್ದು ಗ್ರಂಥದಿಂದಲ್ಲ, ನಮ್ಮ ಶಾಲೆಯ ಗೋಡೆಯಿಂದ. ನಮ್ಮದು ಮಕ್ತಲದಿಂದ ಕೃಷ್ಣಾ ಹೊಳೆಯ ಕಡೆಗೆ ಹೋಗುವ ಹಾದಿಯ ಒಂದು ಊರು. ಶಾಲೆಯಲ್ಲಿ ಕನ್ನಡದ ತರಗತಿಗಳೂ ಉಂಟು, ತೆಲುಗಿನ ತರಗತಿಗಳೂ ಉಂಟು. ಮಕ್ಕಳ ಮನೆಗಳಲ್ಲಿ ಕನ್ನಡ, ತೆಲುಗು, ಉರ್ದು, ಕೆಲವೆಡೆ ಮರಾಠಿ. ಕೆಲವು ವರ್ಷಗಳ ಹಿಂದೆ ಗಣರಾಜ್ಯೋತ್ಸವಕ್ಕೆ ಮುಂಚೆ, ಬೀದಿಗೆ ಮುಖವಾಗಿರುವ ಉದ್ದನೆಯ ಗೋಡೆಗೆ ಸುಣ್ಣ ಹೊಡೆಸಿ ಅದರ ಮೇಲೆ ಸಂವಿಧಾನದ ಪ್ರಸ್ತಾವನೆಯನ್ನು ಬರೆಸಬೇಕೆಂದು ಊರಿನ ಹಿರಿಯರು ಮುಂದಾದರು, ಹಣವನ್ನೂ ಕೂಡಿಸಿದರು. ಆದರೆ ಯಾವ ಅಕ್ಷರದಲ್ಲಿ ಬರೆಸುವುದು? ಒಬ್ಬರು ಕನ್ನಡವೆಂದರು. ಇನ್ನೊಬ್ಬರು, "ಮಾಸ್ತರೇ, ನೌಕರಿಗೆ ತೆಲುಗೇ ಬೇಕಲ್ರೀ, ಗೋಡಿ ಮ್ಯಾಲೆ ಅದೇ ಇರ್ಲಿ" ಎಂದರು. ಎರಡನ್ನೂ ಬರೆಸಿದರಾಯಿತೆಂದರೆ, ಯಾವುದು ಮೇಲೆ ಯಾವುದು ಕೆಳಗೆ ಎಂಬ ಪ್ರಶ್ನೆ ಹುಟ್ಟಿತು. ಎರಡು ಸಂಜೆ ಹೀಗೆಯೇ ಕಳೆದವು.

ಮೂರನೆಯ ಸಂಜೆ, ಅದುವರೆಗೆ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಬೋರ್ಡು ಬರೆಯುವ ಪೇಂಟರು ಎದ್ದು ನಿಂತು, "ಸಾರ್, ಎರಡೂ ಅಕ್ಷರ ನನಗ ಬರ್ತಾವ್ರೀ, ಹ್ಯಾಂಗಂದ್ರೂ ಬರೀತೀನಿ. ಆದ್ರ ಓದಾಕ ಬರಲಾರದವರು ಈ ಗೋಡಿ ಮುಂದ ನಿಂತ್ರ ಅವರು ಏನು ನೋಡ್ಬೇಕ್ರಿ?" ಎಂದು ಕೇಳಿದರು. ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ತಿರುವಿದಾಗ ತಿಳಿದದ್ದೇನೆಂದರೆ, ಈ ಪ್ರಶ್ನೆಯನ್ನು ನಮ್ಮ ಸ್ವಾತಂತ್ರ್ಯ ಸಂಗ್ರಾಮದ ಹಿರಿಯರು ಎಂದೋ ಕೇಳಿಕೊಂಡಿದ್ದರು, ಉತ್ತರವನ್ನೂ ಕೊಟ್ಟಿದ್ದರು.

ನಮ್ಮ ಸೀಮೆಯಲ್ಲಿ ಬಣ್ಣದ ಕಥೆ

ಮೊದಲು ನಮ್ಮ ಸೀಮೆಯ ಇತಿಹಾಸವನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. ನಾರಾಯಣಪೇಟೆ, ಮಕ್ತಲ, ಗದ್ವಾಲಗಳು ನಿಜಾಮ ಸರಕಾರದ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆಡಳಿತದ ಭಾಷೆ ಉರ್ದು. ಸಾರ್ವಜನಿಕ ಸಭೆಗೆ ಮುಂಚಿತವಾಗಿ ಅನುಮತಿ ಬೇಕೆನ್ನುವ 'ಗಸ್ತಿ 53' ಎಂಬ ಸುತ್ತೋಲೆ ಜನರ ಬಾಯಿಗೆ ಹಾಕಿದ ಬೀಗವಾಗಿತ್ತು. 1938ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಸರಿಯಾಗಿ ಹುಟ್ಟುವ ಮೊದಲೇ ಅದರ ಮೇಲೆ ನಿಷೇಧ ಬಿದ್ದಿತು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ವಂದೇ ಮಾತರಂ' ಹಾಡಿದ್ದಕ್ಕಾಗಿ ಹೊರಹಾಕಲ್ಪಟ್ಟರು. ಅವರಲ್ಲಿ ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಬೇಕಾಯಿತು. ನಮ್ಮ ಗದ್ವಾಲದಲ್ಲಿ 1917ರಲ್ಲಿ ಹುಟ್ಟಿದ ರಾಮಚಂದ್ರರಾಯರು ಸೆರೆಮನೆಯಲ್ಲಿ ಛಡಿ ಏಟು ಬೀಳುವಾಗ ಪ್ರತಿಯೊಂದು ಏಟಿಗೂ 'ವಂದೇ ಮಾತರಂ' ಎಂದು ಕೂಗಿ, ಕೊನೆಗೆ ವಂದೇಮಾತರಂ ರಾಮಚಂದ್ರರಾಯರೆಂದೇ ಹೆಸರಾದ ಸಂಗತಿ ಈ ಕಡೆ ಪ್ರಸಿದ್ಧವಾಗಿದೆ.

1947ರ ಆಗಸ್ಟ್ 15ರಂದು ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಮ್ಮಲ್ಲಿಗೆ ಬರಲಿಲ್ಲ. ಅಂದು ಹೈದರಾಬಾದಿನಲ್ಲಿ ರಾಷ್ಟ್ರಧ್ವಜವನ್ನು ಹಾರಿಸಿದ ಸ್ವಾಮಿ ರಾಮಾನಂದ ತೀರ್ಥರು ಬಂಧನಕ್ಕೊಳಗಾದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿ, 17ರಂದು ನಿಜಾಮರು ಶರಣಾಗತರಾಗುವವರೆಗೆ, ಅಂದರೆ ಹದಿಮೂರು ತಿಂಗಳ ಕಾಲ, ಮೂರು ಬಣ್ಣದ ಒಂದು ಬಟ್ಟೆಯನ್ನು ಬೀದಿಯಲ್ಲಿ ತೋರಿಸುವುದೇ ಅಪರಾಧವಾಗಿತ್ತು. ಚಿತ್ರಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು ನಮ್ಮ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಧ್ವಜದ ಮೇಲೆ ಒಂದು ಅಕ್ಷರವೂ ಇಲ್ಲ. ಕೇಸರಿ, ಬಿಳಿ, ಹಸಿರು, ನಡುವೆ ಒಂದು ಚಕ್ರ. ಆದರೂ ಅದನ್ನು ಓದಲಾರದವರು ಯಾರೂ ಇರಲಿಲ್ಲ. ಅದಕ್ಕೆ ಹೆದರದ ಅಧಿಕಾರಿಯೂ ಇರಲಿಲ್ಲ.

ಮುಂದೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಹಬೂಬನಗರ ಜಿಲ್ಲೆಗೆ ಸೇರಿದವು. ಮಕ್ತಲ, ನಾರಾಯಣಪೇಟೆಗಳು ಮೊದಲೇ ಆ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರಪ್ರದೇಶವಾದದ್ದು 2014ರ ಜೂನ್ 2ರಿಂದ ಈ ಭಾಗದಲ್ಲಿ ತೆಲಂಗಾಣವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಏರ್ಪಟ್ಟವು. ಊರುಗಳು ಕದಲಲಿಲ್ಲ, ಗೆರೆಗಳು ಕದಲಿದವು. 1956ರಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರ್ಪಡೆಯಾಗಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ವಿಧಿಸಲಾಯಿತು. ನಮ್ಮ ಕನ್ನಡ ತರಗತಿಗಳು ಯಾರೂ ಕೊಟ್ಟ ಭಿಕ್ಷೆಯಲ್ಲ, ಸಂವಿಧಾನದ ಆಶಯ. ಆದುದರಿಂದ ಗೋಡೆಯ ಮೇಲೆ ಸಂವಿಧಾನವನ್ನು ಬರೆಸುವ ವಿಷಯದಲ್ಲಿ ನಮಗೆ ಇತರರಿಗಿಂತ ಹೆಚ್ಚಿನ ಹೊಣೆಯುಂಟು.

ಹರಿಪುರದ ಫಲಕಗಳು

ಈಗ ಪೇಂಟರರ ಪ್ರಶ್ನೆಗೆ ಬರೋಣ. ಓದಲಾರದವರಿಗೆ ಸ್ವಾತಂತ್ರ್ಯದ ಆದರ್ಶವನ್ನು ತೋರಿಸುವುದು ಹೇಗೆ? 1936ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಮಹಾಸಭೆಯ ಅಧಿವೇಶನವು ಮೊಟ್ಟಮೊದಲ ಬಾರಿಗೆ ಹಳ್ಳಿಯೊಂದರಲ್ಲಿ, ಖಾನದೇಶದ ಫೈಜಪುರದಲ್ಲಿ, ನಡೆಯಿತು. ಅಲ್ಲಿಯ ಅಲಂಕಾರದ ಹೊಣೆಯನ್ನು ಮಹಾತ್ಮರು ಶಾಂತಿನಿಕೇತನದ ಕಲಾಗುರುಗಳಾದ ನಂದಲಾಲ ಬೋಸರಿಗೆ ಒಪ್ಪಿಸಿದ್ದರು. ಬಿದಿರು ಮೊದಲಾದ, ಹಳ್ಳಿಯಲ್ಲಿ ದೊರೆಯುವ ಸಾಮಗ್ರಿಗಳಿಂದಲೇ ಅವರು ಆ ನಗರವನ್ನು ಸಿಂಗರಿಸಿದರು. ಮುಂದಿನ ಅಧಿವೇಶನ 1938ರ ಫೆಬ್ರುವರಿಯಲ್ಲಿ ಗುಜರಾತಿನ ಹರಿಪುರದಲ್ಲಿ. ಅಧ್ಯಕ್ಷರು ಸುಭಾಷಚಂದ್ರ ಬೋಸರು. ಅಲ್ಲಿಗಾಗಿ ನಂದಲಾಲರೂ ಅವರ ಶಿಷ್ಯರೂ ಸುಮಾರು ನಾಲ್ಕು ನೂರು ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಎಂಬತ್ತರಷ್ಟು ನಂದಲಾಲರ ಕೈಯಿಂದಲೇ ಮೂಡಿದವು.

ಆ ಚಿತ್ರಗಳಲ್ಲಿ ಏನಿತ್ತು? ರಾಜಮಹಾರಾಜರಿರಲಿಲ್ಲ. ನಾಯಕರ ಭಾವಚಿತ್ರಗಳ ಸಾಲೂ ಅಲ್ಲ. ಡೋಲು ಬಾರಿಸುವವನು, ಹೊಲ ಉಳುವವನು, ಭತ್ತ ಕುಟ್ಟುವ ಹೆಂಗಸರು, ಬಡಗಿ, ಚಮ್ಮಾರ, ಹತ್ತಿ ಹಿಂಜುವವನು, ಮಗುವನ್ನು ಎತ್ತಿಕೊಂಡ ತಾಯಿ. ಕೈಕಾಗದವನ್ನು ಹುಲ್ಲಿನ ರಟ್ಟಿಗೆ ಅಂಟಿಸಿ, ಮಣ್ಣಿನ ಬಣ್ಣಗಳಿಂದ, ಬಂಗಾಳದ ಪಟಚಿತ್ರಕಾರರು ಸಂತೆ ಜಾತ್ರೆಗಳಲ್ಲಿ ಬರೆಯುವ ದಪ್ಪ ರೇಖೆಯ ರೀತಿಯಲ್ಲಿ ಬರೆದವು. ಪ್ರತಿಯೊಂದಕ್ಕೂ ಬಾಗಿಲುಮಾಡದಂಥ ಕಮಾನು. ಅವುಗಳನ್ನು ಹೆಬ್ಬಾಗಿಲುಗಳ ಮೇಲೆ, ಚಪ್ಪರಗಳ ಸುತ್ತ, ಬಯಲಿನಲ್ಲಿ ತೂಗುಹಾಕಿದರು. ಬಂದ ರೈತನು ತನ್ನನ್ನೇ ಅಲ್ಲಿ ಕಂಡನು. ಸ್ವರಾಜ್ಯವೆಂದರೆ ಯಾರ ರಾಜ್ಯ ಎಂಬ ಪ್ರಶ್ನೆಗೆ ಭಾಷಣವಿಲ್ಲದ ಉತ್ತರವದು.

ನಂದಲಾಲರಿಗೆ ಈ ಹಾದಿ ಹೊಸದಾಗಿರಲಿಲ್ಲ. 1930ರಲ್ಲಿ ಮಹಾತ್ಮರು ಉಪ್ಪಿನ ಸತ್ಯಾಗ್ರಹಕ್ಕೆ ದಂಡಿಗೆ ನಡೆದಾಗ, ಕೋಲು ಹಿಡಿದು ನಡೆಯುವ ಬಾಪೂಜಿಯ ರೂಪವನ್ನು ಅವರು ಲಿನೋಲಿಯಂ ಹಲಗೆಯಲ್ಲಿ ಕೆತ್ತಿ ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿದ್ದರು. ಒಂದು ಅಚ್ಚಿನಿಂದ ಅನೇಕ ಪ್ರತಿಗಳನ್ನು ತೆಗೆಯಬಹುದು. ಬಡವನ ಮನೆಗೂ ಅದು ಹೋಗಬಹುದು. ಕನ್ನಡಿಗರಾದ ನಮಗೆ ಇನ್ನೊಂದು ನೆನಪೂ ಪ್ರಿಯವಾದದ್ದು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುವಾಗ ನಂದಲಾಲರು ಅವರ ಸಹಪಾಠಿಗಳಾಗಿದ್ದರು.

ಸಂವಿಧಾನದ ಪುಟ

ಹರಿಪುರದ ಹನ್ನೆರಡು ವರ್ಷಗಳ ತರುವಾಯ ನಡೆದ ಸಂಗತಿಯನ್ನು ನಾವು ತರಗತಿಗಳಲ್ಲಿ ಸಾಕಷ್ಟು ಹೇಳುವುದಿಲ್ಲ. 1949ರ ನವೆಂಬರ್ 26ರಂದು ಅಂಗೀಕೃತವಾಗಿ 1950ರ ಜನವರಿ 26ರಿಂದ ಜಾರಿಗೆ ಬಂದ ನಮ್ಮ ಸಂವಿಧಾನದ ಮೂಲಪ್ರತಿ ಅಚ್ಚಿನ ಮೊಳೆಗಳಿಂದ ಜೋಡಿಸಿದ ಗ್ರಂಥವಲ್ಲ. ಇಂಗ್ಲಿಷ್ ಪ್ರತಿಯ ಅಕ್ಷರಗಳನ್ನು ಪ್ರೇಮ್ ಬಿಹಾರಿ ನಾರಾಯಣ ರಾಯಜಾದಾ ಎಂಬವರು ಕೈಯಿಂದ ಬರೆದರು. ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರು ಅದೇ ನಂದಲಾಲ ಬೋಸರೂ ಅವರ ಶಾಂತಿನಿಕೇತನದ ಶಿಷ್ಯರೂ. ಪ್ರಸ್ತಾವನೆಯ ಪುಟದ ಅಲಂಕಾರ ಅವರ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ ಅವರದು. ಮೊಹೆಂಜೊದಾರೋ ಮುದ್ರೆ, ಬುದ್ಧ, ಮಹಾವೀರ, ಅಕ್ಬರ, ಶಿವಾಜಿ, ಗುರು ಗೋವಿಂದಸಿಂಹ, ಝಾನ್ಸಿಯ ರಾಣಿ, ನಮ್ಮ ಕನ್ನಡ ನಾಡಿನ ಟಿಪ್ಪು ಸುಲ್ತಾನ, ದಂಡಿಗೆ ನಡೆಯುವ ಗಾಂಧೀಜಿ, ಸೈನಿಕರೊಡನೆ ನೇತಾಜಿ, ಎಲ್ಲರಿಗೂ ಆ ಪುಟಗಳಲ್ಲಿ ಸ್ಥಾನವುಂಟು. ದೆಹರಾದೂನಿನ ಸರ್ವೇ ಕಚೇರಿಯಲ್ಲಿ ಅದರ ಪ್ರತಿಗಳನ್ನು ಮುದ್ರಿಸಿದರು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಬಯಲಿನಲ್ಲಿ ಚಮ್ಮಾರನನ್ನೂ ಡೋಲಿನವನನ್ನೂ ಬರೆದ ಕೈಯೇ ದೇಶದ ಪರಮ ಕಾನೂನಿನ ಪುಟವನ್ನೂ ಬರೆಯಿತು. ಒಂದು ಬೀದಿಯ ಕಲೆ, ಇನ್ನೊಂದು ಅರಮನೆಯ ಕಲೆ ಎಂದು ಬೇರ್ಪಡಿಸುವುದಕ್ಕೆ ಆಧಾರವೇ ಇಲ್ಲ. ಬೀದಿಯ ಚಿತ್ರ ಮೊದಲು ಬಂದಿತು, ಕಾನೂನಿನ ಪುಟ ಆಮೇಲೆ ಬಂದಿತು. ಜನರು ಮೊದಲು ತಮ್ಮನ್ನು ಕಂಡುಕೊಂಡರು, ಆಮೇಲೆ 'ನಾವು, ಭಾರತದ ಜನರು' ಎಂದು ಹೇಳಿಕೊಂಡರು. ನನ್ನ ಲೇಖನದ ಮುಖ್ಯ ಮಾತು ಇದೇ.

ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಹರಿಪುರದ ಫಲಕಗಳು ಇಂದು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಆಸ್ತಿ. 2019ರಲ್ಲಿ ಇಟಲಿಯ ವೆನಿಸ್ಸಿನ ಪ್ರದರ್ಶನದಲ್ಲಿಯೂ ಅವು ಮೆರೆದವು. ಸಂವಿಧಾನದ ಮೂಲಪ್ರತಿ ಸಂಸತ್ತಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ರಕ್ಷಣೆ ಅಗತ್ಯವೇ. ಆದರೂ ರೈತನಿಗಾಗಿ ಬರೆದ ಚಿತ್ರ ರೈತನ ಕಣ್ಣಿನಿಂದ ದೂರವಾದರೆ, ಅದರ ಕೆಲಸವನ್ನು ಬೇರೊಂದು ಚಿತ್ರ ಮಾಡಬೇಕಲ್ಲವೆ?

ಹೊರಗಿನ ದೃಷ್ಟಾಂತಗಳು

ಈ ಕೆಲಸ ಬೇರೆ ದೇಶಗಳಲ್ಲಿಯೂ ನಡೆದಿದೆ. 1920ರ ದಶಕದಲ್ಲಿ ಮೆಕ್ಸಿಕೋ ದೇಶದ ಡೀಗೊ ರಿವೇರಾ ಮೊದಲಾದವರು ಸರಕಾರಿ ಕಟ್ಟಡಗಳ ಗೋಡೆಗಳ ಮೇಲೆ ತಮ್ಮ ಕ್ರಾಂತಿಯ ಕಥೆಯನ್ನು ಬರೆದರು. ನಮ್ಮ ಕಾಲದಲ್ಲಿ ಅಮೆರಿಕದ ಶೆಪರ್ಡ್ ಫೇರಿ ಎಂಬ ಬೀದಿ ಕಲಾವಿದರು ಕೊರೆದ ಅಚ್ಚು, ಬಣ್ಣದ ತುಂತುರು, ಹಳೆಯ ಪತ್ರಿಕೆಯ ತುಂಡುಗಳು ಇವನ್ನೆಲ್ಲ ಬೆರೆಸಿ ಚಿತ್ರ ಮಾಡುತ್ತಾರೆ. ಇದಕ್ಕೆ ಮಿಶ್ರಮಾಧ್ಯಮವೆಂದು ಹೆಸರು. 2008ರ ಚುನಾವಣೆಯ ಕಾಲದಲ್ಲಿ ಅವರು ಮಾಡಿದ ಒಬಾಮರ ಚಿತ್ರ ಬೀದಿಯಿಂದ ವಾಷಿಂಗ್ಟನ್ನಿನ ಭಾವಚಿತ್ರ ಸಂಗ್ರಹಾಲಯಕ್ಕೆ ಏರಿತು. 2015ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಭಯೋತ್ಪಾದಕರ ದಾಳಿ ನಡೆದ ಬಳಿಕ, ಆ ನಗರದ ಎತ್ತರದ ಕಟ್ಟಡವೊಂದರ ಗೋಡೆಯ ಮೇಲೆ ಅವರು ಫ್ರಾನ್ಸಿನ ಗಣರಾಜ್ಯದ ಪ್ರತೀಕವಾದ ಮರಿಯಾನ್ ಎಂಬ ಸ್ತ್ರೀರೂಪವನ್ನೂ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಪದಗಳನ್ನೂ ಬರೆದರು. ಅದೇ ಚಿತ್ರದ ಪ್ರತಿ ಆ ದೇಶದ ಅಧ್ಯಕ್ಷರ ಕಚೇರಿಯಲ್ಲಿಯೂ ತೂಗಿತು. 2020ರ ಡಿಸೆಂಬರಿನಲ್ಲಿ ಕೆಲವರು ರಾತ್ರೋರಾತ್ರಿ ಆ ಪದಗಳಿಗೆ ಬಿಳಿ ಬಳಿದು, ಮರಿಯಾನಳ ಕಣ್ಣಿನಿಂದ ರಕ್ತದ ಹನಿಗಳನ್ನು ಸುರಿಸಿದರು. ಆ ಆದರ್ಶಗಳು ಗೋಡೆಯಲ್ಲಿವೆ, ನಡತೆಯಲ್ಲಿಲ್ಲವೆಂಬುದು ಅವರ ದೂರು. ಚಿತ್ರಕಾರರು ಅದನ್ನು ಮರಳಿ ಬರೆದಾಗ ಕಣ್ಣಿನ ಕೆಳಗೆ ಒಂದು ಹನಿ ಕಣ್ಣೀರನ್ನು ಹಾಗೆಯೇ ಉಳಿಸಿದರು. ದೂರಿನಲ್ಲಿ ಸತ್ಯವಿದ್ದರೆ ಅದಕ್ಕೂ ಗೋಡೆಯಲ್ಲಿ ಎಡೆ ಇರಬೇಕೆಂಬ ವಿವೇಕವನ್ನು ನಾವು ಮೆಚ್ಚತಕ್ಕದ್ದು.

ಕನ್ನಡ ನಾಡಿನ ಕಡೆ ನೋಡಿದರೆ, ಮೈಸೂರಿನ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಬೆಂಗಳೂರಿನ ರಸ್ತೆಯ ಗುಂಡಿಯೊಂದಕ್ಕೆ ಹಸಿರು ಬಣ್ಣ ಬಳಿದು, ಅದರಲ್ಲಿ ಮೊಸಳೆಯ ಬೊಂಬೆಯನ್ನು ಇಟ್ಟರು. ನಗುನಗುತ್ತಲೇ ಪ್ರಜೆಯ ಹಕ್ಕನ್ನು ಕೇಳಿದರು. ತೆಲಂಗಾಣದ ಕಡೆ ನೋಡಿದರೆ, ನಲ್ಲಗೊಂಡ ಜಿಲ್ಲೆಯ ಹಳ್ಳಿಯಿಂದ ಬಂದು, ಬೋರ್ಡುಗಳನ್ನು ಬರೆದು ಜೀವನ ಮಾಡಿ, ಆಮೇಲೆ ಕಲಾಶಾಲೆಯಲ್ಲಿ ಕಲಿತ ಏಲೆ ಲಕ್ಷ್ಮಣರೇ 2014ರಲ್ಲಿ ಹೊಸ ರಾಜ್ಯದ ಲಾಂಛನವನ್ನು ರಚಿಸಿದರು. ಬೋರ್ಡು ಬರೆಯುವವರನ್ನು ಕೂಲಿಯವರೆಂದು ಕಡೆಗಣಿಸುವ ನಮಗೆ ಇದು ತಕ್ಕ ಪಾಠ.

ಇನ್ನು ಮಿಶ್ರಮಾಧ್ಯಮವೆಂಬ ಮಾತು ದೊಡ್ಡದಾಗಿ ಕೇಳಿಸಿದರೂ ವಸ್ತು ನಮಗೆ ಹೊಸದಲ್ಲ. ಗದ್ವಾಲದ ಸೀರೆಯ ಒಡಲು ಹತ್ತಿಯದು. ಅಂಚು ಸೆರಗುಗಳು ರೇಷ್ಮೆಯವು. ಎರಡು ಬಗೆಯ ನೂಲನ್ನು ನೇಕಾರನು ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾನೆ. ಹತ್ತಿ ರೇಷ್ಮೆಯಾಗುವುದಿಲ್ಲ, ರೇಷ್ಮೆ ಹತ್ತಿಯಾಗುವುದಿಲ್ಲ. ಸೀರೆ ಮಾತ್ರ ಒಂದೇ.

ಗೋಡೆಯೆಂದ ಮಾತ್ರಕ್ಕೆ ಎಲ್ಲವೂ ಶ್ರೇಷ್ಠವೆಂದು ನಾನು ಹೇಳುವುದಿಲ್ಲ. ಒಡೆಯನನ್ನು ಕೇಳದೆ ಗೋಡೆ ಕೆಡಿಸುವುದು ತಪ್ಪು. ಕಾನೂನೂ ಅದನ್ನು ಒಪ್ಪುವುದಿಲ್ಲ. ಚುನಾವಣೆ ಬಂದಾಗ ಬಳಿಯುವ ಸ್ತುತಿಗೂ ದ್ವೇಷಕ್ಕೂ ಗೋಡೆಯೇ ಆಶ್ರಯ. ಇವನ್ನು ಬೇರ್ಪಡಿಸುವ ಒರೆಗಲ್ಲು ಸರಳವಾಗಿದೆ. ಅಧಿಕಾರದ ಚಿತ್ರವು ನೋಡುವವನಿಂದ ನಮಸ್ಕಾರವನ್ನು ಕೇಳುತ್ತದೆ. ಸ್ವಾತಂತ್ರ್ಯದ ಚಿತ್ರವು ನೋಡುವವನಿಗೆ ತನ್ನೊಳಗೆ ಒಂದು ಜಾಗ ಕೊಡುತ್ತದೆ.

ಮರಳಿ ನಮ್ಮ ಗೋಡೆಗೆ

ಇಷ್ಟನ್ನು ಓದಿಕೊಂಡು ಹೋಗಿ ಸಭೆಯ ಮುಂದೆ ಹೇಳಿದೆ. ಹಿರಿಯರು ಒಪ್ಪಿದರು. ಪ್ರಸ್ತಾವನೆಯನ್ನು ಕನ್ನಡ, ತೆಲುಗು ಎರಡರಲ್ಲಿಯೂ ಅಕ್ಕಪಕ್ಕದಲ್ಲಿ, ಒಂದೇ ಎತ್ತರದಲ್ಲಿ ಬರೆಸಿದೆವು. ನಡುವೆ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳಿಗೆ ನಾಲ್ಕು ಚಿತ್ರಗಳು. ನ್ಯಾಯಕ್ಕೆ ಸಂತೆಯ ತಕ್ಕಡಿ. ಸ್ವಾತಂತ್ರ್ಯಕ್ಕೆ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹುಡುಗಿ. ಸಮಾನತೆಗೆ ಊರ ಬಾವಿ, ಸುತ್ತ ನೀರು ಸೇದುವ ಹೆಂಗಸರು. ಭ್ರಾತೃತ್ವಕ್ಕೆ ಒಂದು ಸೀರೆ. ಅದಕ್ಕೆ ಮಕ್ಕಳು ಮನೆಯಿಂದ ತಂದ ಹತ್ತಿ ರೇಷ್ಮೆಗಳ ನಿಜವಾದ ಚೂರುಗಳನ್ನೇ ಅಂಟಿನಿಂದ ಹಚ್ಚಿದರು. ಸುಣ್ಣ, ಕೆಮ್ಮಣ್ಣು, ನೀಲಿ, ಅಂಗಡಿಯ ಬಣ್ಣ, ಬಟ್ಟೆ ಎಲ್ಲವೂ ಬೆರೆತವು.

ಬಣ್ಣ ಆರುವ ಮೊದಲೇ ಪರೀಕ್ಷೆ ಬಂದಿತು. ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ಬಾವಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಅವರಿಗೆ ಯಾವ ಲಿಪಿಯೂ ಬಾರದು. "ಮಾಸ್ತರೇ, ಇದು ನಮ್ಮೂರ ಬಾವೀನೇ ಐತಿ. ನಮ್ಮ ಕಾಲಕ್ಕ ಇದರ ಹತ್ರ ನಮ್ಮನ್ನ ಬಿಡ್ತಿದ್ದಿಲ್ರೀ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಆ ಮಾತು ಊರಲ್ಲಿ ಹರಡಿತು. ಮರುದಿನ ಕೆಲವರು ಬಂದು, ಹಳೆಯದನ್ನು ಕೆದಕುವುದೇಕೆ, ಬಾವಿಗೆ ಸುಣ್ಣ ಹೊಡೆಸಿ ಅಲ್ಲೊಂದು ಕಮಲವನ್ನೋ ನವಿಲನ್ನೋ ಬರೆಸಿರಿ ಎಂದರು. ಊರಿನ ಶಾಂತಿಯನ್ನು ನೆನೆದು ನಾನೂ ಅರೆಮನಸ್ಸಿನಿಂದ ಒಪ್ಪುವುದರಲ್ಲಿದ್ದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಅಸ್ಪೃಶ್ಯತೆಯನ್ನು ತೊಡೆದುಹಾಕಿರುವ ಹದಿನೇಳನೆಯ ವಿಧಿಯನ್ನು ನೀವೇ ಹೇಳಿಕೊಟ್ಟಿರಲ್ಲವೇ ಸಾರ್, ಅದಕ್ಕೂ ಸುಣ್ಣ ಹೊಡೆಸುತ್ತೀರಾ ಎಂದು ಕೇಳಿದಳು. ಪಕ್ಕದಲ್ಲಿಯೇ ಗೋಡೆಯ ಮೇಲೆ ಪ್ರಶ್ನೆ ಕೇಳುವ ಹುಡುಗಿಯ ಚಿತ್ರವಿತ್ತು. ನಾನು ಸಮಿತಿಯ ಮುಂದೆ ಆ ವಿಧಿಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಓದಿದೆ. ಮೊದಲ ದಿನ ತೆಲುಗೇ ಇರಲಿ ಎಂದಿದ್ದ ಹಿರಿಯರೇ, "ಇರ್ಲಿ ಬಿಡ್ರಿ, ಖರೇ ಮಾತು ಎರಡೂ ಭಾಷೆಯಾಗ ಒಂದೇ" ಎಂದು ಎದ್ದರು. ಬಾವಿ ಉಳಿಯಿತು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಎರಡೇ. ಒಂದು: ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆಯ ಫ್ಲೆಕ್ಸುಗಳು ಬಂದಮೇಲೆ ಕೈಯಿಂದ ಬರೆಯುವ ಪೇಂಟರರು ಕಡಿಮೆಯಾಗಿದ್ದಾರೆ. ನಿಮ್ಮ ಊರಿನ ಹಳೆಯ ಗೋಡೆಬರಹಗಳಿಗೂ ಚಿತ್ರಗಳಿಗೂ ಸುಣ್ಣ ಬೀಳುವ ಮುನ್ನ ಒಂದು ಛಾಯಾಚಿತ್ರ ತೆಗೆದು, ಬರೆದವರ ಹೆಸರು, ವರ್ಷ, ಲಿಪಿ, ಬಳಸಿದ ಬಣ್ಣ ಇವನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಿಡಿ. ಶಾಸನವನ್ನು ಕಲ್ಲಿನಿಂದ ಎತ್ತಿಕೊಳ್ಳುವಷ್ಟೇ ಶ್ರದ್ಧೆ ಇದಕ್ಕೂ ಸಲ್ಲಬೇಕು. ಎರಡು: ಶಾಲೆಯ ಗೋಡೆಗೆ ಪ್ರಸ್ತಾವನೆಯನ್ನು ಬರೆಸುವಾಗ ಓದಲಾರದವರಿಗೂ ಅದರಲ್ಲಿ ಒಂದು ಜಾಗ ಬಿಡಿ.

ಮೊದಲ ಮಳೆಗಾಲದಲ್ಲಿಯೇ ನಮ್ಮ ಗೋಡೆಯ ಸೀರೆಯ ಚೂರುಗಳು ಬಣ್ಣಗೆಟ್ಟು ಉದುರಿದವು. ದಸರೆಯ ರಜೆ ಮುಗಿದು ಶಾಲೆ ತೆರೆದಾಗ ಕೆಲವು ತಾಯಂದಿರು ಹೊಸ ಚೂರುಗಳನ್ನು ಕಟ್ಟಿಕೊಂಡು ಬಂದಿದ್ದರು. ಅವರಲ್ಲಿ ಆ ಅಜ್ಜಿಯೂ ಒಬ್ಬರು. ಅಂದಿನಿಂದ ಪ್ರತಿವರ್ಷವೂ ಆ ಕೆಲಸ ನಡೆಯುತ್ತಿದೆ.